ಸವಳು ಹೊಲದಲ್ಲಿ ಹದಿಮೂರು ಕ್ವಿಂಟಲ್ ಗೋಧಿ: ನನ್ನ ಅನುಭವ

ಜಮಖಂಡಿ ಕಡೆ ನೀರು ಹಾಯಿಸಿ ಹಾಯಿಸಿ ಸವಳಾದ ಎರಿ ಹೊಲ ಬಹಳ. ನನ್ನದೂ ಎರಡು ಎಕರೆ ಹಾಗೇ ಆಯಿತು. ಕಬ್ಬು ಕೈಕೊಟ್ಟಿತು, ಗೋಧಿ ಬಿತ್ತಿದೆ. ಎಕರೆಗೆ ಐದು ಕ್ವಿಂಟಲ್ ದಾಟಲಿಲ್ಲ. ಮಣ್ಣು ಪರೀಕ್ಷೆ ಮಾಡಿಸಿದರೆ ಪಿಎಚ್ 9ರ ಹತ್ತಿರ, ಅಂದರೆ ಕ್ಷಾರ ಜಾಸ್ತಿ. ಜಿಪ್ಸಂ ಹಾಕ್ತೇನೆ ಅಂದಾಗ ಬಾಜೂ ಹೊಲದ ಕಾಕಾ, "ತಮ್ಮಾ, ಬಿಳಿ ಪುಡಿ ಉಗ್ಗಿದ್ರ ಸವಳ ಹೋಗತೈತೇನು? ರೊಕ್ಕಾನ ಉಗ್ಗಿದಂಗ ಆಕ್ಕೈತಿ" ಅಂದರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಎಕರೆಗೆ ಎರಡು ಟನ್ ಉಗ್ಗಿ, ಕುಂಟಿ ಹೊಡೆದು, ನೀರು ಬಿಟ್ಟೆ. ಬಾಡಿಗೆ, ಆಳು ಸೇರಿ ಎಕರೆಗೆ ಎಂಟು ಸಾವಿರ ಹೋಗಿರಬೇಕು. ಇಳುವರಿ ಮಾತ್ರ ಅಷ್ಟೇ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸುತ್ತದೆ, ಸರಿ. ಬಿಟ್ಟದ್ದು ಹೊಲದಿಂದ ಹೊರಗೆ ಹೋಗಬೇಕಲ್ವಾ? ನನಗೆ ಬಸಿಗಾಲುವೆಯೇ ಇರಲಿಲ್ಲ.

ಬೇಸಿಗೆಯಲ್ಲಿ ಜೆಸಿಬಿ ತರಿಸಿ ಇಳಿಜಾರಿನ ಕಡೆ ಮೂರೂವರೆ ಅಡಿ ಆಳದ ಬಸಿಗಾಲುವೆ ತೋಡಿಸಿದೆ. ಜಿಪ್ಸಂಗಿಂತ ಇದಕ್ಕೇ ಜಾಸ್ತಿ ಖರ್ಚಾಯಿತು. ಮತ್ತೆ ಎಕರೆಗೆ ಒಂದೂವರೆ ಟನ್ ಹಾಕಿ, ಮಡಿ ಕಟ್ಟಿ ನೀರು ನಿಲ್ಲಿಸಿ ಬಸಿಸಿದೆ. ಮುಂಗಾರಿಗೆ ಹಸಿರು ಗೊಬ್ಬರದ ಬೆಳೆ ಡಯಂಚ ಬೆಳೆದು ಮಣ್ಣಿಗೆ ಸೇರಿಸಿದೆ.

ಕಾಕಾಗೆ ಎರಡು ಗ್ಲಾಸಿನಲ್ಲಿ ತೋರಿಸಿದೆ. ಎರಡರಲ್ಲೂ ಮಳೆ ನೀರು, ಹೊಲದಲ್ಲಿ ಇನ್ನೂ ಸವಳಾಗಿದ್ದ ಒಂದು ಮೂಲೆಯ ಮಣ್ಣು. ಒಂದಕ್ಕೆ ಚಿಟಿಕೆ ಜಿಪ್ಸಂ ಹಾಕಿ ಕಲಕಿದೆ. ಬೆಳಗಾಗುವುದರೊಳಗೆ ಅದರ ಮಣ್ಣು ತಳಕ್ಕೆ ಕೂತು ನೀರು ತಿಳಿಯಾಗಿತ್ತು. ಇನ್ನೊಂದು ಚಹಾದ ಹಾಗೆ ಕದಡೇ ಇತ್ತು. ಅವರು ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಸತುವಿನಲ್ಲೂ ಪೆಟ್ಟು ತಿಂದೆ. ಸತುವಿನ ಗೊಬ್ಬರ ಝಿಂಕ್ ಸಲ್ಫೇಟ್ ಅನ್ನು ರಂಜಕ ಇರುವ ಡಿಎಪಿ ಗೊಬ್ಬರದ ಜೊತೆ ಕಲಸಿ ಬಿತ್ತಿದ್ದೆ, ರಂಜಕಕ್ಕೆ ಸಿಕ್ಕಿ ಸತು ಬೆಳೆಗೆ ದಕ್ಕಲಿಲ್ಲ. ಮುಂದಿನ ಸಲ ಎಕರೆಗೆ ಹತ್ತು ಕೆಜಿ ಬೇರೆಯಾಗಿ ಕೊಟ್ಟೆ. ಎಲೆ ಹಸಿರಾಯಿತು. ಬೀಜ ನೆನೆಸಲು ಒಂದು ದ್ರಾವಣವನ್ನೂ ಮಾಡಿಕೊಂಡಿದ್ದೇನೆ. ಇನ್ನೊಂದು ಹಂಗಾಮು ನೋಡದೆ ಅದನ್ನು ಹೇಳಲ್ಲ.

ಮೂರನೇ ಹಿಂಗಾರಿಗೆ ಯುಎಎಸ್ 304 ಗೋಧಿ ತಳಿ ಬಿತ್ತಿದೆ. ಎಕರೆಗೆ ಹದಿಮೂರು ಕ್ವಿಂಟಲ್ ಚಿಲ್ಲರೆ ಬಂತು. ಪಿಎಚ್ 8.3ಕ್ಕೆ ಇಳಿದಿದೆ. ನಮ್ಮ ಓಣಿಯಲ್ಲಿ ಸವಳು ಹೊಲದಿಂದ ಇಷ್ಟು ತೆಗೆದವರು ಬೇರೆ ಇಲ್ಲ. ಕಾಕಾ ಈಗ ಜೆಸಿಬಿಯವನ ನಂಬರ್ ತಗೊಂಡಿದ್ದಾರೆ.

ಒಂದು ಮೂಲೆಗೆ ಮಾತ್ರ, ಪುಕ್ಕಟೆ ಸಿಕ್ಕಿತು ಅಂತ ಗಾಣದ ಬೂದಿ ಹಾಕಿ ನೋಡಿದ್ದೆ. ಬೂದಿಯೇ ಕ್ಷಾರ, ಆ ಜಾಗ ಇನ್ನೂ ಬೆಳ್ಳಗಿದೆ. ಅದಕ್ಕೆಂದೇ ಈ ಬೇಸಿಗೆಗೆ ಒಂದು ಟ್ರೇಲರ್ ಜಿಪ್ಸಂ ಹೇಳಿಟ್ಟಿದ್ದೇನೆ.