ಕತ್ತಿ ಜಾರುವ ರೂಲು

ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು ಗೊತ್ತಲ್ವಾ. ಹಾಗಾಗಿ ನಮ್ಮ ಆಟ ಭಾನುವಾರ ಹೊತ್ತು ಮುಳುಗಿದ ಮೇಲೆ, ನಮ್ಮ ಮನೆ ಮಾಳಿಗೆ ಮೇಲೆ. ಐದು ಜನ, ಒಂದು ಚಾಪೆ, ಸುಸಲಾ, ಮಿರ್ಚಿ, ಒಂದು ಹಿಡಿ ದಾಳ. ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಒಂದೊಂದು ಪಾತ್ರವಾಗಿ ಬಾಯಲ್ಲೇ ಕಥೆ ಕಟ್ಟುತ್ತ, ಏಟು ಬಿತ್ತೋ ತಪ್ಪಿತೋ ಅಂತ ದಾಳ ಹಾಕಿ ತೀರ್ಮಾನಿಸುವ ಆಟ. ರೂಲು ಪುಸ್ತಕ 2014ರ ಐದನೇ ಆವೃತ್ತಿಯದು. ಕಥೆ ನಡೆಸುವ ಡಿಎಂ ನಾನು. ಉಳಿದ ನಾಲ್ವರಿಗೆ ಒಂದೊಂದು ಪಾತ್ರ.

ಸ್ವಂತ ರೂಲು ಸೇರಿಸುವ ಚಟ ನನಗೆ ಮೊದಲಿಂದಲೂ ಇದೆ. ಗಲ್ಲಿ ಕ್ರಿಕೆಟ್ ಆಡಿ ಬೆಳೆದವನು ನಾನು. ಚೆಂಡು ಕಾಂಪೌಂಡ್ ದಾಟಿದರೆ ಔಟು. ಒಂದು ಪುಟ ಬಿದ್ದ ಮೇಲೆ ಒಂಟಿ ಕೈಯಲ್ಲಿ ಹಿಡಿದರೂ ಔಟು. ಅಲ್ಲಿ ಯಾರೂ ಪುಸ್ತಕ ತೋರಿಸು ಅಂತ ಕೇಳುತ್ತಿರಲಿಲ್ಲ.

ನನ್ನ ಮೊದಲ ರೂಲಿಗೂ ಯಾರೂ ಕೇಳಲಿಲ್ಲ. ಗಾಯ ವಾಸಿಮಾಡುವ ಮದ್ದು ಕುಡಿದರೆ, ಪುಸ್ತಕದ ಪ್ರಕಾರ ಆ ಸರದಿಯ ಆಕ್ಷನ್, ಅಂದರೆ ಹೊಡೆಯುವಂಥ ಮುಖ್ಯ ಕೆಲಸದ ಅವಕಾಶ, ಹೋಯಿತು. ಸಣ್ಣ ಕೆಲಸಕ್ಕೆ ಸಿಗುವ ಬೋನಸ್ ಆಕ್ಷನ್‌ನಲ್ಲೇ ಕುಡಿಯಿರಿ ಅಂದೆ. ಎಷ್ಟೋ ಗುಂಪುಗಳು ಹೀಗೇ ಆಡುತ್ತಿದ್ದವು. 2024ರ ಹೊಸ ಪುಸ್ತಕದಲ್ಲಿ ಅದೇ ರೂಲು ಬಂದಾಗ ತಂಗಿ, "ಅಣ್ಣಾ, ನಮ್ಮ ಮಾಳಗಿ ರೂಲು ಅಮೆರಿಕಾಕ್ಕ ಹೋಯ್ತು ನೋಡು" ಎಂದು ನಕ್ಕಳು.

ಎಡವಿದ್ದು ಎರಡನೆಯದರಲ್ಲಿ. ಹೊಡೆಯುವಾಗ ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಪುಸ್ತಕದಲ್ಲಿ ಬರೀ ಏಟು ತಪ್ಪುತ್ತದೆ, ಅಷ್ಟೇ. ನಾನು ಜೊತೆಗೆ ಆಯುಧವೂ ಕೈಯಿಂದ ಜಾರಲಿ ಅಂದೆ. ಹೇಳಿದ್ದೂ ಯಾವಾಗ? ಕಾದಾಟದ ನಡುವೆ, ಕತ್ತಿ ಹಿಡಿದು ಹೊಡೆದಾಡುವ ಪಾತ್ರ ಫೈಟರ್‌ಗೆ 1 ಬಿದ್ದ ಮೇಲೆ! ಮೊದಲ ಸಲ ಎಲ್ಲರೂ ನಕ್ಕರು. ಅವನ ಕತ್ತಿ ಮತ್ತೆ ಬಿದ್ದಾಗ ಅವನು ನಗಲಿಲ್ಲ.

ಫೈಟರ್ ಆಡುವ ಗೆಳೆಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದ. ಒಂದು ಏಟಿಗೆ ಕತ್ತಿ ಜಾರುವ ಸಂಭವ ನೂರಕ್ಕೆ 5. ಐದನೇ ಲೆವೆಲ್‌ನಲ್ಲಿ ಫೈಟರ್‌ಗೆ ಎರಡು ಏಟು, ಅಲ್ಲಿಗೆ ಒಂದು ಸರದಿಗೆ 9.75. ಹನ್ನೊಂದನೇ ಲೆವೆಲ್‌ನಲ್ಲಿ ಮೂರು ಏಟು, 14ಕ್ಕೂ ಜಾಸ್ತಿ. ಫೈರ್‌ಬಾಲ್ ಅನ್ನುವ ಬೆಂಕಿ ಮಂತ್ರ ಎಸೆಯುವ ಮಂತ್ರವಾದಿ ವಿಜರ್ಡ್ ಆ ದಾಳ ಹಾಕುವುದೇ ಇಲ್ಲ, ತಪ್ಪಿಸಿಕೊಳ್ಳಲು ಎದುರಾಳಿಯೇ ಹಾಕಬೇಕು.

"ದೋಸ್ತಾ, ನಾ ಕಲ್ತಷ್ಟೂ ನನ್ನ ಕತ್ತಿ ಜಾಸ್ತಿ ಬೀಳ್ತದ. ಕಲೀಲಾರ್ದಾಂವನೇ ಪುಣ್ಯವಂತ ಏನು?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈ ಎತ್ತಿಸಿದೆ. ಪರ ಮೂರು, ವಿರುದ್ಧ ಒಂದು, ರೂಲು ಗೆದ್ದಿತು. ನಷ್ಟವೆಲ್ಲ ಒಬ್ಬನದೇ ಆಗಿದ್ದಾಗ ಉಳಿದವರ ಕೈ ಎಣಿಸಿದ್ದು ನನ್ನ ದಡ್ಡತನ. ಮುಂದಿನ ಎರಡು ವಾರ ಅವನು ಬಂದ, ದಾಳ ಹಾಕಿದ, ಮಾತಾಡಲಿಲ್ಲ.

ತಂಗಿಯ ಕೈ ರೂಲಿನ ಪರವೇ ಎದ್ದಿತ್ತು. ಆದರೆ ಅವಳ ಪಾತ್ರ, ದೇವರ ಬಲದಿಂದ ಮಂತ್ರ ಹಾಕುವ ಕ್ಲೆರಿಕ್, ಮೆಲ್ಲಗೆ ಗದೆ ಬದಿಗಿಟ್ಟು ಬರೀ ಸೇಕ್ರೆಡ್ ಫ್ಲೇಮ್ ಮಂತ್ರ ಹಾಕತೊಡಗಿದ್ದಳು. ಅದಕ್ಕೂ ಎದುರಾಳಿಯೇ ದಾಳ ಹಾಕಬೇಕು, ಅವಳಿಗೆ 1 ಬೀಳುವ ಮಾತೇ ಇಲ್ಲ. ಇದು ನನ್ನ ಕಣ್ಣಿಗೆ ಬೀಳಲು ತಿಂಗಳು ಬೇಕಾಯಿತು. ಜಗಳ ಆಡಿದವನೇ ವಾಸಿ, ಬೇಗ ಗೊತ್ತಾಯಿತು. ಆವತ್ತೇ ಆ ರೂಲು ತೆಗೆದುಹಾಕಿದೆ.

ಮೂರನೆಯದನ್ನು ಒಂದು ವಾರ ಮೊದಲೇ ಹೇಳಿದೆ. ಪುಸ್ತಕದ ಪ್ರಕಾರ, ಪೆಟ್ಟು ತಿಂದು ಪ್ರಜ್ಞೆ ತಪ್ಪಿ ನೆಲಕ್ಕೆ ಬಿದ್ದ ಪಾತ್ರ ಪ್ರತಿ ಸರದಿಗೆ ಒಂದು ದಾಳ ಹಾಕಬೇಕು. 10 ಅಥವಾ ಜಾಸ್ತಿ ಬಂದರೆ ಗೆಲುವು, ಕಡಿಮೆ ಬಂದರೆ ಸೋಲು. ಮೂರು ಸೋಲಾದರೆ ಸಾವು. ಈ ದಾಳವನ್ನು ನಾನೇ ಗುಟ್ಟಾಗಿ ಹಾಕುತ್ತೇನೆ, ಮೂರು ವಾರ ನೋಡೋಣ, ಬೇಡ ಅನ್ನಿಸಿದರೆ ಬಿಡೋಣ ಅಂದೆ.

"ನನ್ನ ಸಾವಿನ ದಾಳ ನೀ ಯಾಕ ಹಾಕ್ತಿ?" ಅಂದ ಫೈಟರ್. ಮಾತು ನಿಜ. ಆಗ ತಂಗಿ ಕೆಳಗಿಂದ ಸ್ಟೀಲ್ ಲೋಟ ತಂದಳು. ದಾಳವನ್ನು ಅದರಲ್ಲಿ ಕುಲುಕಿ ಬೋರಲು ಹಾಕುವುದು, ಹಾಕಿದವನು ಮತ್ತು ನಾನು ಮಾತ್ರ ಇಣುಕುವುದು.

ಕಳೆದ ವಾರ ಆಟದ ನಡುವೆ ಕರೆಂಟ್ ಹೋಯಿತು. ಫೈಟರ್ ನೆಲಕ್ಕೆ ಬಿದ್ದಿದ್ದ. ಮೊಬೈಲ್ ಬೆಳಕಿನಲ್ಲಿ ಲೋಟ ಬೋರಲು ಹಾಕಿ, ಒಂದು ಬದಿ ಎತ್ತಿ ನೋಡಿದ. ನಾನೂ ನೋಡಿದೆ. ಲೋಟ ಮುಚ್ಚಿ, "ಸುಸಲಾ ಈ ಕಡಿ ಕೊಡ್ರಿ" ಅಂದ. ತಂಗಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಇದ್ದ ಒಂದೇ ಮದ್ದನ್ನು ಅವನಿಗೆ ಕುಡಿಸಿಬಿಟ್ಟಳು.