ದೂರ–ಕಾಲ ನಕ್ಷೆಯನ್ನು ನಂದಿಬೆಟ್ಟ ಅಂದುಕೊಂಡಿದ್ದ ಮಕ್ಕಳು

ಚಿಕ್ಕಬಳ್ಳಾಪುರದ ನಮ್ಮ ಒಂಬತ್ತನೇ ತರಗತಿಗೆ ‘ಜವ = ದೂರ ÷ ಕಾಲ’ ಬಾಯಿಪಾಠ. ಆದರೆ ದೂರ–ಕಾಲ ನಕ್ಷೆಯ (ಗ್ರಾಫ್) ಏರುಗೆರೆಯನ್ನು ನಂದಿಬೆಟ್ಟದ ಏರು, ಅಡ್ಡಗೆರೆಯನ್ನು ಸಮತಟ್ಟಾದ ರಸ್ತೆ ಎಂದು ಓದುತ್ತಿದ್ದರು. ಹೆಚ್ಚು ಲೆಕ್ಕ ಮಾಡಿಸಿದೆ, ಚಾರ್ಟ್ ಹಾಕಿದೆ, ವಿಡಿಯೊ ತೋರಿಸಿದೆ, ಆಗಲಿಲ್ಲ.

ಫಲ ಕೊಟ್ಟಿದ್ದು ಮೈದಾನ. 40 ಮೀಟರ್‌ವರೆಗೆ 5 ಮೀಟರಿಗೊಂದು ಸುಣ್ಣದ ಗೆರೆ, ಹೊತ್ತು ಬರೆದುಕೊಳ್ಳಲು ಗೆರೆಗೊಬ್ಬರು. ಒಬ್ಬಳು ಸೆಕೆಂಡು ಕೂಗುತ್ತಾಳೆ. ಒಬ್ಬ 20 ಮೀಟರ್ ನಡೆದು, 10 ಸೆಕೆಂಡು ನಿಂತು, ಮಿಕ್ಕಿದ್ದನ್ನು ಓಡಬೇಕು. 20ರ ಗೆರೆಯಲ್ಲಿರುವವರು ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ಬರೆಯಲೇಬೇಕು. ಮೊದಲ ಸಲ ಒಂದನ್ನೇ ಬರೆಸಿದ್ದಕ್ಕೆ, ನಿಂತದ್ದನ್ನು ತೋರಿಸುವ ಅಡ್ಡಗೆರೆಯೇ ಬರಲಿಲ್ಲ.

ನಕ್ಷೆ ಅದೇ ಪೀರಿಯಡ್‌ನಲ್ಲಿ ಬರೆಸಿ. 1 ಸೆಂ.ಮೀ.ಗೆ ಅಡ್ಡಕ್ಕೆ 5 ಸೆಕೆಂಡು, ಮೇಲಕ್ಕೆ 5 ಮೀಟರ್. ನಮ್ಮ ಓಟ 30ನೇ ಸೆಕೆಂಡಿನಿಂದ 35ರವರೆಗೆ: (40−20)÷(35−30), ಸೆಕೆಂಡಿಗೆ 4 ಮೀಟರ್, ನಡಿಗೆ 1 ಮೀಟರ್. ನೆಲ ಮಟ್ಟಸವಾಗಿದ್ದರೂ ಗೆರೆ ಕಡಿದಾಗಿ ಏರಿದ್ದು ಆಗ ಅವರ ಕಣ್ಣಿಗೆ ಬಿತ್ತು.