ಮೊದಲು ಡಿಸ್ಕ್ ಬದಲಿಸಿ, ವಿಂಡೋಸ್ ಆಮೇಲೆ

ಹಳೇ ಹಾರ್ಡ್ ಡಿಸ್ಕ್‌ನಲ್ಲಿ ವಿಂಡೋಸ್ 10 ತೆವಳುತ್ತಿದೆ. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಹಾಗಾಗಿ 11ಕ್ಕೆ ಹೋಗಬೇಕು. ಜತೆಗೆ ಹೊಸ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಬೇರೆ ತಂದಿಟ್ಟಿದ್ದೀರಿ. ಈಗ ಯಾವುದು ಮೊದಲು?

ನಾನಂತೂ ಡಿಸ್ಕ್ ಮೊದಲು ಅನ್ನುತ್ತೇನೆ. ಈಗಿರುವ ವಿಂಡೋಸ್ 10 ಅನ್ನೇ ಇದ್ದ ಹಾಗೆ ಹೊಸ ಡಿಸ್ಕ್‌ಗೆ ಕ್ಲೋನ್ ಮಾಡಿ, ಕಂಪ್ಯೂಟರ್ ಅದರಿಂದಲೇ ಆನ್ ಆಗುತ್ತದೆ ಅಂತ ಕಣ್ಣಾರೆ ನೋಡಿ, ನಾಲ್ಕು ದಿನ ಬಳಸಿ, ಆಮೇಲೆ ಅಪ್‌ಗ್ರೇಡ್ ಮಾಡಿ. ಎರಡನ್ನೂ ಒಂದೇ ದಿನ ಮಾಡಲು ಹೋಗಿ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಹುಡುಕುವುದೇ ದೊಡ್ಡ ಪೇಚಾಟ. ಈ ಕ್ರಮದಲ್ಲಿ ಹೋದರೆ ಹಳೇ ಡಿಸ್ಕ್ ಹಾಗೇ ಉಳಿಯುತ್ತದೆ. ಎಡವಟ್ಟಾದರೆ ಅದನ್ನೇ ವಾಪಸ್ ಸಿಕ್ಕಿಸಿ, ಮುಗೀತು.

ಮುಂಚೆಯೇ ನೋಡಿಕೊಳ್ಳಬೇಕಾದ್ದು

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿ ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಒಗ್ಗುತ್ತದಾ ಅಂತ ನೋಡಿ. ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ವ್ಯವಸ್ಥೆ) ಇಲ್ಲ ಅಂದ ಕೂಡಲೇ ಕೈಚೆಲ್ಲಬೇಡಿ. ಎಷ್ಟೋ ಯಂತ್ರಗಳಲ್ಲಿ ಅದು ಇರುತ್ತದೆ, ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಲ್ಲಿ ಹುಡುಕಿ.

ಎಸ್‌ಎಸ್‌ಡಿ ಇನ್ನೂ ತಂದಿಲ್ಲ ಅಂದರೆ ಒಂದು ಮಾತು. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಎರಡು ಬಗೆಯ ಸಂಪರ್ಕ ಇದೆ, ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇ ಡ್ರೈವೂ ಬರುತ್ತದೆ. ನಿಮ್ಮ ಸ್ಲಾಟ್ ಯಾವುದಕ್ಕೆ ಅಂತ ಮದರ್‌ಬೋರ್ಡ್ ಮ್ಯಾನ್ಯುಯಲ್‌ನಲ್ಲಿ ನೋಡದೆ ತಂದರೆ, ನೆಟ್ಟಗೆ ಕೂತರೂ ಡ್ರೈವ್ ಕಾಣಿಸದೇ ಇರಬಹುದು. ಸಾಟಾ ಡ್ರೈವ್ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಮೂರನೇ ತಲೆಮಾರಿನ ಒಳ್ಳೆ ಎನ್‌ವಿಎಂಇ 3,500ರ ಹತ್ತಿರ ಹೋಗುತ್ತದೆ. ಆದರೆ ಹಾರ್ಡ್ ಡಿಸ್ಕ್‌ನಿಂದ ಬರುವವರಿಗೆ ಎರಡೂ ಹಾರಿದ ಹಾಗೇ ಅನಿಸುತ್ತದೆ, ಹಾಗಾಗಿ ಸಾಟಾ ಸ್ಲಾಟ್ ಮಾತ್ರ ಇದ್ದರೆ ಸುಮ್ನೆ ಕೊರಗಬೇಡಿ.

ಕ್ಲೋನ್ ಮಾಡುವ ಮೊದಲು ಫೋಟೋ, ಕಡತಗಳನ್ನು ಬೇರೊಂದು ಕಡೆ ಬ್ಯಾಕಪ್ ಮಾಡಿ. ಕ್ಲೋನೇ ಬ್ಯಾಕಪ್ ಅಲ್ವಾ ಅನ್ನಬೇಡಿ. ಮೂಲವನ್ನೇ ತಪ್ಪಾಗಿ ಅಳಿಸುವ ಅಪಾಯ ಇರುವ ಕೆಲಸ ಇದು. ಬಿಟ್‌ಲಾಕರ್ (ಡಿಸ್ಕ್‌ನಲ್ಲಿರುವುದನ್ನೆಲ್ಲ ಗುಪ್ತಲಿಪಿಗೆ ತಿರುಗಿಸಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಆಫ್ ಮಾಡಿ. ಪೂರ್ತಿ ಡಿಕ್ರಿಪ್ಟ್ ಆಗಲು ಹೊತ್ತು ಹಿಡಿಯುತ್ತದೆ, ಕಾಯಿರಿ. ಹಳೇ ಡಿಸ್ಕ್‌ನಲ್ಲಿ ಒಮ್ಮೆ ಚೆಕ್ ಡಿಸ್ಕ್ ಓಡಿಸಿ. ಕೆಟ್ಟ ಸೆಕ್ಟರ್ ಎದುರಾದರೆ ಕ್ಲೋನ್ ಅರ್ಧಕ್ಕೇ ನಿಲ್ಲುವುದುಂಟು.

ಕ್ಲೋನ್: ಡಿಸ್ಕ್ ಇಡಿಯಾಗಿ, ಸಿ ಡ್ರೈವ್ ಒಂದೇ ಅಲ್ಲ

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ನಿಮಗೆ ಗೊತ್ತಿರುವ ಸಿ ಡ್ರೈವ್ ಪಕ್ಕದಲ್ಲಿ 100 ಎಂಬಿಯದೊಂದು ಪುಟ್ಟ ಇಎಫ್‌ಐ ಪಾರ್ಟಿಶನ್ (ಅಂದರೆ ಡಿಸ್ಕ್‌ನ ಒಂದು ಭಾಗ), ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಶನ್ ಕಾಣಿಸುತ್ತವೆ. ಕಂಪ್ಯೂಟರ್ ಆನ್ ಆದಾಗ ಮೊದಲು ಹುಡುಕುವುದು ಸಿ ಡ್ರೈವನ್ನಲ್ಲ, ಆ ಪುಟ್ಟ ಇಎಫ್‌ಐಯನ್ನು. ನಾನು ಮೊದಲ ಸಲ ಮಾಡಿದಾಗ ಅದು ಯಾಕೆ ಸುಮ್ನೆ ಅಂತ ಸಿ ಒಂದನ್ನೇ ನಕಲು ಮಾಡಿದ್ದೆ. ಖುಷಿಯಿಂದ ಹಳೇ ಡಿಸ್ಕ್ ಬಿಚ್ಚಿ ಪವರ್ ಒತ್ತಿದರೆ ಕಪ್ಪು ಪರದೆ, ಅದರಲ್ಲಿ ಒಂದೇ ಸಾಲು: ಬೂಟ್ ಆಗುವ ಡಿಸ್ಕ್ ಸಿಗಲಿಲ್ಲ. ನನ್ನ ಕಡತಗಳೆಲ್ಲ ಹೊಸ ಡಿಸ್ಕ್‌ನಲ್ಲೇ ಇದ್ದವು, ಒಳಗೆ ಹೋಗಲು ಬಾಗಿಲು ಮಾತ್ರ ಇರಲಿಲ್ಲ. ಅವತ್ತು ಅರ್ಧ ರಾತ್ರಿ ಹೋಯಿತು.

ಸಾಫ್ಟ್‌ವೇರ್ ಯಾವುದು ಅನ್ನುವುದು ದೊಡ್ಡ ವಿಷಯವಲ್ಲ. ಎಸ್‌ಎಸ್‌ಡಿ ತಯಾರಕರೇ ಕೊಡುವ ಕ್ಲೋನ್ ಸಾಫ್ಟ್‌ವೇರ್ ಇದ್ದರೆ ಅದು ಸುಲಭ, ಆದರೆ ಸಾಮಾನ್ಯವಾಗಿ ಅವರ ಡ್ರೈವ್‌ಗೆ ಮಾತ್ರ ನಡೆಯುತ್ತದೆ. ಕ್ಲೋನ್‌ಜಿಲ್ಲಾ ಉಚಿತ, ನಂಬಬಹುದು, ಆದರೆ ನೋಡಲು ಒರಟು. ಜತೆಗೆ ಅದಕ್ಕೆ ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಒಂದು ಟಿಬಿ ಹಾರ್ಡ್ ಡಿಸ್ಕ್‌ನಿಂದ 500 ಜಿಬಿ ಎಸ್‌ಎಸ್‌ಡಿಗೆ ಹೋಗುವವರು ಪಾರ್ಟಿಶನ್ ಕುಗ್ಗಿಸಿಕೊಡುವ ಬೇರೆ ಸಾಫ್ಟ್‌ವೇರ್ ಹಿಡಿಯುವುದೇ ವಾಸಿ.

ಈಗ ಎದೆ ಢವಗುಟ್ಟುವ ಘಟ್ಟ. ಮೂಲ ಯಾವುದು, ಗುರಿ ಯಾವುದು ಅಂತ ಕೇಳುತ್ತದೆ. ಎರಡೂ 500 ಜಿಬಿಯವಾದರೆ ಪರದೆ ಮೇಲೆ ಎರಡೂ 465 ಅಂತ ತೋರಿಸಿ ಅವಳಿಗಳ ಹಾಗೆ ಕೂತಿರುತ್ತವೆ. ಗಾತ್ರ ನೋಡಿ ಆರಿಸಬೇಡಿ, ಮಾಡೆಲ್ ಹೆಸರು ನೋಡಿ. ಸಂಬಂಧವಿಲ್ಲದ ಪೆನ್‌ಡ್ರೈವ್, ಹೊರಗಿನ ಡಿಸ್ಕ್ ಎಲ್ಲ ಮೊದಲೇ ತೆಗೆದಿಡಿ. ಗುರಿ ಡಿಸ್ಕ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಅಂತ ಎಚ್ಚರಿಕೆ ಬಂದಾಗ ಇನ್ನೊಂದು ಸಲ ಓದಿ.

ಹೊಸ ಡಿಸ್ಕ್ ದೊಡ್ಡದಾಗಿದ್ದರೆ ಇನ್ನೊಂದು ಗೋಜಲು. ರಿಕವರಿ ಪಾರ್ಟಿಶನ್ ಸಿ ಡ್ರೈವ್‌ನ ಬಾಲಕ್ಕೆ ಅಂಟಿಕೊಂಡಿದ್ದು, ಉಳಿದ ಖಾಲಿ ಜಾಗ ಅದರ ಆಚೆ ಬೀಳುತ್ತದೆ. ಆಗ ಸಿ ಹಿಗ್ಗಿಸಲು ಹೋದರೆ ವಿಂಡೋಸ್ ಒಪ್ಪುವುದಿಲ್ಲ. ಕ್ಲೋನ್ ಶುರು ಮಾಡುವ ಮೊದಲೇ ರಿಕವರಿಯನ್ನು ಕೊನೆಗೆ ತಳ್ಳಿ ಸಿ ಹಿಗ್ಗಿಸಿಕೊಳ್ಳಿ, ತುಂಬ ಸಾಫ್ಟ್‌ವೇರ್‌ಗಳಲ್ಲಿ ಆ ಅವಕಾಶ ಇದೆ.

ಮೊದಲ ಬೂಟ್

ಕ್ಲೋನ್ ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಹಳೇ ಡಿಸ್ಕ್ ಬಿಚ್ಚಿ, ಹೊಸದೊಂದನ್ನೇ ಇಟ್ಟು ಆನ್ ಮಾಡಿ. ಎರಡೂ ಒಳಗೇ ಇದ್ದರೆ ಯಾವುದರಿಂದ ಆನ್ ಆಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಬಂದಿದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ ಕೂಡ. ಬೂಟ್ ಆಗದಿದ್ದರೆ ಬಯಾಸ್‌ಗೆ ಹೋಗಿ (ಎಫ್2 ಅಥವಾ ಡಿಲೀಟ್ ಕೀ ಜಾಸ್ತಿ ಕಡೆ ನಡೆಯುತ್ತದೆ), ಹೊಸ ಡಿಸ್ಕ್‌ನ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ. ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಕೆಲವೊಮ್ಮೆ ನೀಲಿ ಪರದೆಯಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಬರುತ್ತದೆ. ಗಾಬರಿ ಬೇಡ. ರಿಕವರಿ ಪರದೆಯಿಂದ ಸೇಫ್ ಮೋಡ್‌ಗೆ ಒಮ್ಮೆ ಹೋಗಿ ಬಂದರೆ ಬೇಕಾದ ಡ್ರೈವರ್ ಕೂತು, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಳೇ ಯಂತ್ರದವರು ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಬಯಾಸ್ ಮೋಡ್ ನೋಡಿ. ಲೆಗಸಿ ಅಂತಿದ್ದರೆ ನಿಮ್ಮ ಡಿಸ್ಕ್ ಪಾರ್ಟಿಶನ್‌ಗಳ ಲೆಕ್ಕ ಇಡುವ ಹಳೇ ಎಂಬಿಆರ್ ಪದ್ಧತಿಯದು, ವಿಂಡೋಸ್ 11ಕ್ಕೆ ಅದನ್ನು ಹೊಸ ಪದ್ಧತಿಯಾದ ಜಿಪಿಟಿ ಮಾಡಿ ಬಯಾಸನ್ನು ಅದರ ಹೊಸ ರೂಪವಾದ ಯುಇಎಫ್‌ಐಗೆ ಬದಲಿಸಬೇಕು. ವಿಂಡೋಸ್ ಜತೆಗೇ ಬರುವ ಎಂಬಿಆರ್2ಜಿಪಿಟಿ ಇದನ್ನು ಡೇಟಾ ಅಳಿಸದೆ ಮಾಡುತ್ತದೆ. ಆದರೆ ಡಿಸ್ಕ್‌ನಲ್ಲಿ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಶನ್ ಇರಬಾರದು, ಲಾಜಿಕಲ್ ಪಾರ್ಟಿಶನ್ ಇರಲೇಬಾರದು. ಮೊದಲು ವ್ಯಾಲಿಡೇಟ್ (ಆಗುತ್ತದಾ ಅಂತ ಪರೀಕ್ಷೆ) ಮಾಡಿ, ಆಮೇಲೆ ಕನ್ವರ್ಟ್. ಇದನ್ನು ಹೊಸ ಡಿಸ್ಕ್ ಮೇಲೆ ಮಾಡುತ್ತಿದ್ದೀರಿ, ಹಳೆಯದು ಮೇಜಿನ ಮೇಲೆ ತಣ್ಣಗೆ ಕೂತಿದೆ, ಹಾಗಾಗಿ ಕೈ ನಡುಗುವುದಿಲ್ಲ.

ಅಪ್‌ಗ್ರೇಡ್, ಮತ್ತೆ ಹಳೇ ಡಿಸ್ಕ್

ನಾಲ್ಕು ದಿನ ಎಲ್ಲ ಸರಿ ಇದ್ದರೆ ಅಪ್‌ಗ್ರೇಡ್ ಕೊಡಿ. ಇಷ್ಟವಾಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನಿಂದಲೇ ಹಿಂದಕ್ಕೆ ಹೋಗಬಹುದು. ಆ ಗಡುವು ದಾಟಿದರೂ ಹಳೇ ಡಿಸ್ಕ್ ಇದ್ದೇ ಇದೆ, ಅದಕ್ಕೇ ಅದರ ಮೇಲೆ ಒಂದು ಚೀಟಿ ಅಂಟಿಸಿ, ಕ್ಲೋನ್ ಮಾಡಿದ ತಾರೀಖು ಬರೆದು, ಒಂದು ತಿಂಗಳು ಎತ್ತಿಡಿ.

ಆಮೇಲೆ ಅದನ್ನು ಡೇಟಾ ಇಡಲು ಬಳಸಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇಎಫ್‌ಐ ಪಾರ್ಟಿಶನ್ ಅಳಿಸಲು ಬಿಡುವುದಿಲ್ಲ, ಅದಕ್ಕೆ ಡಿಸ್ಕ್‌ಪಾರ್ಟ್ ಅನ್ನುವ ವಿಂಡೋಸ್‌ನ ಕಮಾಂಡ್ ಸಾಧನದಲ್ಲಿ ಆ ಡಿಸ್ಕ್ ಆರಿಸಿ ಕ್ಲೀನ್ ಅಂತ ಕೊಡಬೇಕು. ಎಂಟರ್ ಒತ್ತುವ ಮುಂಚೆ ಡಿಸ್ಕ್ ನಂಬರ್ ಇನ್ನೊಂದು ಸಲ ನೋಡಿಕೊಳ್ಳಿ. ಒತ್ತಿದ ಮೇಲೆ ಅದು "ನಿಜಕ್ಕೂ ಅಳಿಸಲಾ?" ಅಂತ ಕೇಳುವುದಿಲ್ಲ.